ಒಂದೂವರೆ ಲಕ್ಷದ ಪುಟ್ಟ ಕ್ಯಾಮೆರಾಗೆ ಯಾವ ಚೀಲ? ಜೇಬು, ಸ್ಲಿಂಗ್, ಕ್ಯಾನ್ವಾಸ್, ಇಲ್ಲಾ ದಿನದ ಬ್ಯಾಗೇ?

ನನ್ನ ಹತ್ತಿರ ಕ್ಯಾಮೆರಾ ಚೀಲ ಮೂರಿವೆ. ಕ್ಯಾಮೆರಾ ಒಂದೇ. ಈ ಲೆಕ್ಕ ಮನೆಯಲ್ಲಿ ಯಾರಿಗೂ ಒಪ್ಪಿಗೆಯಾಗಿಲ್ಲ. ಒಂದು ಚೀಲ ಅಟ್ಟದ ಮೇಲಿದೆ. ಇನ್ನೊಂದರಲ್ಲಿ ಅಮ್ಮ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿಟ್ಟಿದ್ದಾರೆ, ಅದಕ್ಕೆಂದೇ ಹೊಲಿಸಿದ ಹಾಗಿದೆ. ಮೂರನೆಯದು ವರ್ಷಕ್ಕೆ ನಾಲ್ಕು ಸಲ ಹೊರಗೆ ಬರುತ್ತದೆ. ದಿನಾ ಕ್ಯಾಮೆರಾ ಓಡಾಡುವುದು ಬೇರೆಯದರಲ್ಲಿ, ಅದು ಕ್ಯಾಮೆರಾ ಚೀಲವೇ ಅಲ್ಲ.

ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಕೆಲಸ ಮಂಡ್ಯದಲ್ಲಿ. ಬೆಳಗ್ಗೆ ರೈಲು, ಸಂಜೆ ರೈಲು. ಹೋಗುವಾಗ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸಿಗುತ್ತದೆ. ಚಳಿಗಾಲದಲ್ಲಿ ನೀರಿನ ಮೇಲೆ ಮಂಜು ಹರಡಿರುತ್ತದೆ. ಸೇತುವೆ ದಾಟುವುದಕ್ಕೆ ರೈಲಿಗೆ ಎಷ್ಟು ಹೊತ್ತು ಬೇಕು? ಒಂದು ಜಿಪ್ಪು, ಒಂದು ಫ್ಲಾಪು, ಒಳಗೊಂದು ಪೌಚು, ಅದರ ಮೇಲೊಂದು ಗುಂಡಿ, ಇಷ್ಟು ಬಿಚ್ಚುವಷ್ಟರಲ್ಲಿ ನದಿ ಮುಗಿದಿರುತ್ತದೆ. ಮೊದಲ ಆರು ತಿಂಗಳು ನನ್ನ ಹತ್ತಿರ ಕಾವೇರಿಯ ಫೋಟೋ ಒಂದೂ ಇರಲಿಲ್ಲ, ಪಾಂಡವಪುರದ ಕಬ್ಬಿನ ಗದ್ದೆಯ ಫೋಟೋ ಬೇಕಾದಷ್ಟಿದ್ದವು.

ಪುಟ್ಟ ಕ್ಯಾಮೆರಾ ಕೊಳ್ಳುವುದೇ ಅದು ಸದಾ ಜೊತೆಗಿರಲಿ ಅಂತ ಅಲ್ವಾ? ದೊಡ್ಡ ಡಿಎಸ್‌ಎಲ್‌ಆರ್ ಇದ್ದವರಿಗೆ ಚೀಲ ಅಂದರೆ ಸಾಮಾನು ಸಾಗಿಸುವ ಗಾಡಿ. ನಮಗೆ ಹಾಗಲ್ಲ. ಚೀಲ ತಪ್ಪಾದರೆ ಕ್ಯಾಮೆರಾ ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ನಾನು ಈಗ ಯಾವ ಚೀಲ ನೋಡಿದರೂ ಎರಡೇ ಪ್ರಶ್ನೆ ಕೇಳುತ್ತೇನೆ. ಕೈಗೆ ಎಷ್ಟು ಬೇಗ ಸಿಗುತ್ತದೆ? ಮತ್ತು, ಇದಕ್ಕಾಗಿ ನಾನು ಇನ್ನೊಂದು ಚೀಲ ಹೊರಬೇಕಾ? ಪ್ಯಾಡಿಂಗ್ ಎಷ್ಟು ದಪ್ಪ, ಜಿಪ್ಪು ಯಾವ ಕಂಪನಿಯದು ಎಲ್ಲ ಆಮೇಲೆ.

ಮೊದಲು ಅಳತೆ

ಪುಟ್ಟ ಕ್ಯಾಮೆರಾ ಅಂತ ಒಂದೇ ಉಸಿರಲ್ಲಿ ಹೇಳುತ್ತೇವೆ, ಆದರೆ ಇವುಗಳಲ್ಲೇ ಬಹಳ ವ್ಯತ್ಯಾಸವಿದೆ. ರಿಕೋ ಜಿಆರ್ 3 ಸುಮಾರು 109 ಮಿ.ಮೀ. ಉದ್ದ, 62 ಎತ್ತರ, 33 ದಪ್ಪ. ತೂಕ ಬ್ಯಾಟರಿ, ಕಾರ್ಡು ಸೇರಿ 257 ಗ್ರಾಂ. ಎರಡು ಇಸ್ಪೀಟು ಪ್ಯಾಕು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟೇ, ಉದ್ದ ಮಾತ್ರ ಎರಡು ಸೆಂಟಿಮೀಟರ್ ಜಾಸ್ತಿ. ಸೋನಿ ಆರ್‌ಎಕ್ಸ್100 ಮಾರ್ಕ್ 7 ಇನ್ನೂ ಗಿಡ್ಡ, ಆದರೆ 43 ಮಿ.ಮೀ. ದಪ್ಪ, 302 ಗ್ರಾಂ. ಫ್ಯೂಜಿಫಿಲ್ಮ್ ಎಕ್ಸ್100ವಿಐ 128 ಉದ್ದ, 75 ಎತ್ತರ, 55 ದಪ್ಪ, 521 ಗ್ರಾಂ. ಲೈಕಾ ಕ್ಯೂ3 ಅಂತೂ 743 ಗ್ರಾಂ, ಲೆನ್ಸು ಸೇರಿ ಒಂಬತ್ತು ಸೆಂಟಿಮೀಟರ್‌ಗೂ ಜಾಸ್ತಿ ದಪ್ಪ. ಜಿಆರ್‌ಗೆ ಹೊಂದುವ ಪೌಚಿನಲ್ಲಿ ಕ್ಯೂ3 ತಲೆಯನ್ನೂ ತೂರಿಸುವುದಿಲ್ಲ.

ನನ್ನದು ಎಕ್ಸ್100ವಿಐ. 2024ರಲ್ಲಿ ಬಂದ ಮಾಡೆಲ್ಲು. ಇದರಲ್ಲಿ ಒಂದು ಗುಟ್ಟಿದೆ. ಧೂಳು, ಹನಿ ನೀರು ತಡೆಯುತ್ತದೆ ಅಂತ ಕಂಪನಿ ಹೇಳುವುದು ಲೆನ್ಸಿನ ಮುಂದೆ ಅಡಾಪ್ಟರ್ ರಿಂಗು ಮತ್ತು 49 ಮಿ.ಮೀ. ಫಿಲ್ಟರು ಹಾಕಿದಾಗ ಮಾತ್ರ. ಅವೆರಡನ್ನೂ ಹಾಕಿ, ಜೊತೆಗೆ ಲೆನ್ಸಿಗೆ ಬಿಸಿಲು ತಾಗದ ಹಾಗೆ ಮೂತಿಗೆ ಸಿಕ್ಕಿಸುವ ಹುಡ್ಡೂ ಸೇರಿಸಿದರೆ ದಪ್ಪ ಇನ್ನೊಂದೆರಡು ಸೆಂಟಿಮೀಟರ್ ಬೆಳೆಯುತ್ತದೆ. ಕಂಪನಿ ಪಟ್ಟಿಯಲ್ಲಿರುವ 55 ನೋಡಿ ಪೌಚು ತರಿಸಿದವನು ನಾನು. ಕ್ಯಾಮೆರಾ ಅರ್ಧಕ್ಕೆ ಹೋಗಿ ನಿಂತಿತು. ವಾಪಸ್ ತೆಗೆದುಕೊಳ್ಳುವ ಗಡುವು ಮುಗಿದಿದೆ ಅಂತ ಅಂಗಡಿಯವರು ಹೇಳಿದರು. ತಪ್ಪು ನನ್ನದೇ, ಪೊಟ್ಟಣ ಬಿಚ್ಚಿದ್ದೇ ಎರಡು ವಾರದ ಮೇಲೆ.

ಅದಕ್ಕೇ ಒಂದು ಉಪಾಯ. ದಪ್ಪ ರಟ್ಟು ತೆಗೆದುಕೊಂಡು ನಿಮ್ಮ ಕ್ಯಾಮೆರಾದ ಅಳತೆಗೆ ಒಂದು ಡಬ್ಬಿ ಕತ್ತರಿಸಿ ಅಂಟಿಸಿ. ಪಟ್ಟಿಯ ಅಳತೆ ಅಲ್ಲ. ಹುಡ್ಡು, ಫಿಲ್ಟರು, ಹೆಬ್ಬೆರಳ ಗ್ರಿಪ್ಪು ಏನೇನು ಹಾಕಿಕೊಂಡು ಓಡಾಡುತ್ತೀರೋ ಅದೆಲ್ಲ ಸೇರಿದ ಅಳತೆ. ಅಂಗಡಿಗೆ ಕ್ಯಾಮೆರಾ ಬದಲು ಆ ಡಬ್ಬಿ ಒಯ್ಯಿರಿ. ಆನ್‌ಲೈನ್ ಆದರೆ ಚೀಲದ ಒಳಗಿನ ಅಳತೆ ನೋಡಿ, ಹೊರಗಿನದ್ದಲ್ಲ. ಪ್ಯಾಡಿಂಗ್ ಇರುವ ಚೀಲದಲ್ಲಿ ಒಳಗೂ ಹೊರಗೂ ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸ ಸಲೀಸಾಗಿ ಬರುತ್ತದೆ.

ಜೇಬು ಮತ್ತು ಸಣ್ಣ ಪೌಚು

ಜಿಆರ್ ಅಥವಾ ಆರ್‌ಎಕ್ಸ್100 ಇಟ್ಟುಕೊಂಡವರಿಗೆ ಚೀಲವೇ ಬೇಡ ಅನಿಸುವುದು ಸಹಜ. ಪ್ಯಾಂಟಿನ ಜೇಬಲ್ಲಿ ಹೋಗುತ್ತದಲ್ಲ. ಹೋಗುತ್ತದೆ. ಆದರೆ ಜೇಬಿನ ತಳ ಒಮ್ಮೆ ಹೊರಗೆ ತಿರುವಿ ನೋಡಿ. ನೂಲಿನ ಉಂಡೆ, ಬಸ್ ಟಿಕೆಟ್ಟಿನ ಚೂರು, ಎಲ್ಲಿಯದೋ ಮಣ್ಣು. ಈ ಕ್ಯಾಮೆರಾಗಳ ಲೆನ್ಸು ಆನ್ ಮಾಡಿದಾಗ ಹೊರಗೆ ಬರುತ್ತದೆ, ಆಫ್ ಮಾಡಿದಾಗ ಒಳಗೆ ಹೋಗುತ್ತದೆ. ಪ್ರತಿ ಸಲವೂ ಸೈಕಲ್ ಪಂಪಿನ ಹಾಗೆ ಗಾಳಿ ಎಳೆಯುತ್ತದೆ, ಗಾಳಿಯ ಜೊತೆ ಧೂಳನ್ನೂ.

ನನ್ನ ಹಳೆಯ ಕ್ಯಾಮೆರಾ ಇಂಥದ್ದೇ. ಒಂದು ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮ, ಅರಿಶಿನ, ರಂಗೋಲಿ ಬಣ್ಣ ಗೋಪುರದ ಹಾಗೆ ಪೇರಿಸಿಟ್ಟಿರುತ್ತಾರಲ್ಲ, ಅದರ ಮುಂದೆ ಅರ್ಧ ಗಂಟೆ ನಿಂತಿದ್ದೆ. ತೆಗೆದೆ, ಜೇಬಿಗೆ ಹಾಕಿದೆ, ತೆಗೆದೆ, ಹಾಕಿದೆ. ಮನೆಗೆ ಬಂದು ನೋಡಿದರೆ ಆಕಾಶ ಇರುವ ಫೋಟೋಗಳಲ್ಲೆಲ್ಲ ಬಲಗಡೆ ಮೇಲೆ ಒಂದು ಮಸುಕು ಚುಕ್ಕೆ. ಒಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಧೂಳು ಕೂತಿತ್ತು. ಲೆನ್ಸು ಬಿಚ್ಚಲು ಬರುವ ಕ್ಯಾಮೆರಾ ಆಗಿದ್ದರೆ ಬ್ಲೋವರಿನಿಂದ ಊದಿದರೆ ಮುಗಿಯುತ್ತಿತ್ತು. ಇದನ್ನು ಪೂರ್ತಿ ಬಿಚ್ಚಿಯೇ ತೆಗೆಯಬೇಕು. ಆ ಚುಕ್ಕೆಯ ಜೊತೆಯಲ್ಲೇ ಎರಡು ವರ್ಷ ಸಂಸಾರ ಮಾಡಿದೆ.

ಹಾಗಾಗಿ ಜೇಬೇ ಬೇಕು ಅನ್ನುವವರು ಕ್ಯಾಮೆರಾಗೆ ಒಂದು ಪೌಚು ಹಾಕಿ ಆಮೇಲೆ ಜೇಬಿಗೆ ಹಾಕಿ. ನಿಯೋಪ್ರೀನ್ ಅನ್ನುವ ಮೆತ್ತನೆಯ ರಬ್ಬರಿನ ಪೌಚು ಸಾಕು. ಕನ್ನಡಕದ ಜೊತೆ ಕೊಡುವ ನುಣುಪು ಬಟ್ಟೆಯ ಚೀಲವೂ ಆಗುತ್ತದೆ, ತಿಂಗಳಿಗೊಮ್ಮೆ ಒಗೆಯಬೇಕು ಅಷ್ಟೇ. ಬ್ಯಾಟರಿಗೆ ಬೇರೆ ಜಾಗ ಮಾಡಿ. ಜಿಆರ್ 3 ಒಂದು ಚಾರ್ಜಿಗೆ ಸುಮಾರು 200 ಫೋಟೋ ತೆಗೆಯುತ್ತದೆ, ದಿನವಿಡೀ ಸುತ್ತುವವರಿಗೆ ಎರಡನೇ ಬ್ಯಾಟರಿ ಬೇಕೇ ಬೇಕು. ಅದನ್ನು ಸುಮ್ನೆ ಬೀಗದಕೈ, ಚಿಲ್ಲರೆ ಜೊತೆ ಜೇಬಿಗೆ ಹಾಕಬೇಡಿ. ಲೋಹ ತಾಗಿ ಶಾರ್ಟ್ ಆದರೆ ತೊಡೆ ಸುಡುತ್ತದೆ.

ಎಕ್ಸ್100 ಸರಣಿ, ಕ್ಯೂ3 ಇದ್ದವರಿಗೆ ಈ ದಾರಿ ಇಲ್ಲ. ಜಾಕೆಟ್ಟಿನ ಜೇಬಲ್ಲಿ ಹಾಕಬಹುದು ಅನ್ನುತ್ತಾರೆ. ಮೈಸೂರಿನಲ್ಲಿ ವರ್ಷಕ್ಕೆ ಎಷ್ಟು ದಿನ ಜಾಕೆಟ್ಟು ಹಾಕುತ್ತೀರಿ? ಮಂಡ್ಯದ ಮಾತಂತೂ ಕೇಳಲೇಬೇಡಿ.

ಸ್ಲಿಂಗ್

ಒಂದೇ ಪಟ್ಟಿ, ಅಡ್ಡಡ್ಡ ಹಾಕಿಕೊಳ್ಳುವುದು, ಬೆನ್ನಿಂದ ಎದೆಗೆ ತಿರುಗಿಸಿದರೆ ಚೀಲ ಕೈಗೆ ಬರುತ್ತದೆ. ಇವತ್ತು ಪುಟ್ಟ ಕ್ಯಾಮೆರಾಗೆ ಚೀಲ ಅಂತ ಹುಡುಕಿದರೆ ಮೊದಲು ಕಾಣುವುದು ಇದೇ. ಪೀಕ್ ಡಿಸೈನ್‌ನವರ ಎವ್ರಿಡೇ ಸ್ಲಿಂಗ್ 3, 6, 10 ಲೀಟರಿನಲ್ಲಿ ಬರುತ್ತದೆ. ನಮ್ಮ ಕ್ಯಾಮೆರಾಗೆ 3 ಲೀಟರು ಸಾಕು. ಲೋಪ್ರೊ, ಥಿಂಕ್ ಟ್ಯಾಂಕ್‌ನವರೂ ಇಂಥವನ್ನು ಮಾಡುತ್ತಾರೆ. ಹೆಸರಿಲ್ಲದ ಕಂಪನಿಯ ಸ್ಲಿಂಗುಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಮೊದಲು ಕೈಕೊಡುವುದು ಬಟ್ಟೆ ಅಲ್ಲ, ಪಟ್ಟಿ ಚೀಲಕ್ಕೆ ಸೇರುವ ಕಡೆಯ ಪ್ಲಾಸ್ಟಿಕ್ ಬಕಲು. ಕೊಳ್ಳುವಾಗ ಅದನ್ನು ಜಗ್ಗಿ ನೋಡಿ. ಅಂಗಡಿಯವನು ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ದಸರಾಗೆ ಸ್ಲಿಂಗಿನ ಮುಂದೆ ಬೇರೆ ಏನೂ ನಿಲ್ಲುವುದಿಲ್ಲ. ಇದನ್ನು ಒಪ್ಪಲೇಬೇಕು. ವಿಜಯದಶಮಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ರಸ್ತೆಯ ಎರಡೂ ಕಡೆ ಜನ ಬೆಳಗ್ಗೆಯಿಂದಲೇ ಕೂತಿರುತ್ತಾರೆ. ಸಯ್ಯಾಜಿ ರಾವ್ ರಸ್ತೆಯಲ್ಲಿ ಮಧ್ಯಾಹ್ನ ಕೈ ಮೇಲೆತ್ತಿದರೆ ಮತ್ತೆ ಕೆಳಗಿಳಿಸಲು ಜಾಗ ಇರುವುದಿಲ್ಲ. ಬೆನ್ನಿನ ಚೀಲ ಹಾಕಿಕೊಂಡು ಹೋದರೆ ಹಿಂದಿನವರ ಬೈಗುಳ, ಜೊತೆಗೆ ಒಳಗೆ ಯಾರು ಕೈ ಹಾಕಿದರು ಅಂತಲೂ ತಿಳಿಯುವುದಿಲ್ಲ. ಸ್ಲಿಂಗನ್ನು ಎದೆಯ ಮೇಲೆ ಹಾಕಿಕೊಂಡರೆ ಎರಡು ತಾಪತ್ರಯವೂ ಇಲ್ಲ. ಅಂಬಾರಿ ಹತ್ತಿರ ಬಂದಾಗ ಜಿಪ್ಪೆಳೆದರೆ ಕ್ಯಾಮೆರಾ ಗಲ್ಲದ ಕೆಳಗೇ ಇರುತ್ತದೆ. ಅಷ್ಟು ಜನರ ನಡುವೆ ಪಟ್ಟಿಗೆ ಕ್ಯಾಮೆರಾ ನೇತುಹಾಕಿಕೊಂಡು ನಿಂತರೆ ಪಕ್ಕದವರ ಮೊಣಕೈಗೆ ಲೆನ್ಸು ಬಲಿ.

ಒಂದು ಸಣ್ಣ ವಿಷಯ, ಕೊಳ್ಳುವಾಗ ಯಾರೂ ಹೇಳುವುದಿಲ್ಲ. ಜಿಪ್ಪು ಯಾವ ಕಡೆಗೆ ತೆರೆಯುತ್ತದೆ ನೋಡಿ. ಚೀಲ ಎದೆಗೆ ಬಂದಾಗ ಮುಚ್ಚಳ ನಿಮ್ಮಿಂದ ಆಚೆಗೆ ತೆರೆದುಕೊಳ್ಳಬೇಕು. ಕೆಲವು ಸ್ಲಿಂಗುಗಳಲ್ಲಿ ಅದು ಮೈಕಡೆಗೇ ತೆರೆಯುತ್ತದೆ, ಕೈ ಹಾಕಲು ಗಲ್ಲ ಎತ್ತಬೇಕು. ಎಡಗೈಯವರು ಪಟ್ಟಿ ಎರಡೂ ಹೆಗಲಿಗೆ ಬದಲಾಯಿಸಲು ಬರುತ್ತದಾ ಅಂತಲೂ ನೋಡಿಕೊಳ್ಳಿ.

ಹಾಗಾದರೆ ನನ್ನ ಸ್ಲಿಂಗ್ ಯಾಕೆ ವರ್ಷಕ್ಕೆ ನಾಲ್ಕೇ ಸಲ ಹೊರಗೆ ಬರುತ್ತದೆ? ಊಟದ ಡಬ್ಬಿ ಅದರಲ್ಲಿ ಹಿಡಿಸುವುದಿಲ್ಲ, ಅದಕ್ಕೆ. ನೀರಿನ ಬಾಟಲಿ, ಛತ್ರಿ, ಫೈಲು, ಸಂಜೆ ಮದ್ದೂರು ವಡೆ ಸಿಕ್ಕರೆ ಅದು, ಇವನ್ನೆಲ್ಲ ಹೊರಲು ಇನ್ನೊಂದು ಬ್ಯಾಗು ಬೇಕು. ಎರಡು ಚೀಲ ಹೊತ್ತು ರೈಲು ಹತ್ತುವವನು ಮೂರನೇ ದಿನಕ್ಕೆ ಒಂದನ್ನು ಮನೆಯಲ್ಲಿ ಬಿಡುತ್ತಾನೆ. ಯಾವುದನ್ನು ಬಿಡುತ್ತಾನೆ ಹೇಳಿ, ಊಟವನ್ನಾ?

ಕ್ಯಾನ್ವಾಸ್ ಬಗಲಚೀಲ

ಚೆಂದದ ಮಾತು ಬಂದರೆ ಇದೇ ಮೊದಲು. ನನಗೂ ಮರುಳು ಹಿಡಿದಿತ್ತು. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕಂಪನಿ 1973ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಮೀನು ಹಿಡಿಯುವವರ ಚೀಲ. ಅದೇ ಚೀಲಗಳಲ್ಲಿ ಫೋಟೋಗ್ರಾಫರುಗಳು ಕ್ಯಾಮೆರಾ ಇಟ್ಟುಕೊಂಡು ಓಡಾಡಲು ಶುರುಮಾಡಿದರು, ಕಂಪನಿ ಆ ಕಡೆ ತಿರುಗಿತು. ಮೀನಿನ ಚೀಲದ ಗುಣ ಇನ್ನೂ ಉಳಿದಿದೆ. ಎರಡು ಪದರ ಬಟ್ಟೆಯ ನಡುವೆ ರಬ್ಬರು, ಹಾಗಾಗಿ ನೀರು ಒಳಗೆ ಬರುವುದಿಲ್ಲ. ಅಮೆರಿಕದಲ್ಲಿ ಜಿಮ್ ಡಾಮ್ಕೆ ಅನ್ನುವ ಪತ್ರಿಕಾ ಫೋಟೋಗ್ರಾಫರ್ 1970ರ ದಶಕದಲ್ಲಿ ತನಗೆ ಬೇಕಾದ ಹಾಗೆ ಒಂದು ಕ್ಯಾನ್ವಾಸ್ ಚೀಲ ಹೊಲಿಸಿಕೊಂಡರು. ಅದು ಬೆಳೆದು ಡಾಮ್ಕೆ ಚೀಲಗಳಾಯಿತು. ಅದರಲ್ಲಿ ಪ್ಯಾಡಿಂಗ್ ಬಹಳ ಕಡಿಮೆ, ಬೇಕೆಂದೇ ಹಾಗೆ ಮಾಡಿದ್ದು. ಮೆತ್ತಗೆ ಸೊಂಟಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಡಬ್ಬದ ಹಾಗೆ ಸೆಟೆದುಕೊಳ್ಳುವುದಿಲ್ಲ.

ಇವುಗಳ ಬೆಲೆ ನಮ್ಮಲ್ಲಿಗೆ ಬರುವಷ್ಟರಲ್ಲಿ ಬೆವರು ಬರಿಸುತ್ತದೆ. ನಾನು ಕೊಂಡದ್ದು ಅದೇ ಮಾದರಿಯ, ಹೆಸರಿಲ್ಲದ ಒಂದು ಚೀಲ. ದಪ್ಪ ಕ್ಯಾನ್ವಾಸು, ಹಿತ್ತಾಳೆ ಕೊಕ್ಕೆ, ಚರ್ಮದ ಪಟ್ಟಿ. ಮೊದಲ ದಿನ ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಂತದ್ದು ನಿಜ. ಚಿಕ್ಕ ಗಡಿಯಾರದ ಹತ್ತಿರ ಕಾಫಿ ಕುಡಿಯುತ್ತಿದ್ದಾಗ ಇಬ್ಬರು ಬಂದು “ಸಾರ್, ನೀವು ಪ್ರೆಸ್‌ನವರಾ?” ಅಂತ ಕೇಳಿದರು. ಅಲ್ಲೇ ಅದರ ತೊಂದರೆಯೂ ಇತ್ತು. ಚೀಲ ನೋಡಿದವರಿಗೆಲ್ಲ ಒಳಗೆ ಕ್ಯಾಮೆರಾ ಇದೆ ಅಂತ ಗೊತ್ತು. ನೋಡಿದವರು ಸುಮ್ಮನಿರುವುದಿಲ್ಲ, ಪೋಸು ಕೊಡುತ್ತಾರೆ. ಇಲ್ಲಾ ಎದ್ದು ಹೋಗುತ್ತಾರೆ.

ತೂಕದ ಲೆಕ್ಕವೂ ಸರಿಹೋಗಲಿಲ್ಲ. ಚೀಲ ಖಾಲಿ ಇದ್ದಾಗಲೇ ಕ್ಯಾಮೆರಾಗಿಂತ ಭಾರ. ಖಾಲಿ ಜಾಗ ಇದೆಯಲ್ಲ ಅಂತ ನಾನು ಪುಸ್ತಕ, ಚಾರ್ಜರು, ಪವರ್ ಬ್ಯಾಂಕು ತುಂಬುತ್ತಾ ಹೋದೆ. ಒಂದೇ ಹೆಗಲಿಗೆ ಮೂರು ಕೆಜಿ. ಸಂಜೆ ಮಂಡ್ಯ ಸ್ಟೇಷನ್ನಿನಲ್ಲಿ ಮೆಟ್ಟಿಲು ಹತ್ತುವಾಗ ಕುತ್ತಿಗೆ ಒಂದು ಕಡೆ ವಾಲುತ್ತಿತ್ತು.

ಆದರೂ ಅದನ್ನು ಅಟ್ಟ ಹತ್ತಿಸಿದ್ದು ತೂಕ ಅಲ್ಲ, ಬೆಲ್ಲ. ಮಂಡ್ಯದ ಹತ್ತಿರ ಒಂದು ಆಲೆಮನೆಗೆ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು, ಕಬ್ಬಿನ ಹಾಲು. ಒಲೆಗೆ ಒಣಗಿದ ಸಿಪ್ಪೆ ಹಾಕುತ್ತಿದ್ದರು. ಹಬೆ, ಹೊಗೆ, ಬೂದಿ ಎಲ್ಲ ಒಟ್ಟಿಗೆ. ಪಾಕ ಅಚ್ಚಿಗೆ ಸುರಿಯುವಾಗ ನಾನು ಚೀಲವನ್ನು ಕಟ್ಟೆಯ ಮೇಲಿಟ್ಟು ಫೋಟೋ ತೆಗೆಯುತ್ತಿದ್ದೆ. ಎಲ್ಲೋ ಒಂದು ತೊಟ್ಟು ಸಿಡಿದು ಫ್ಲಾಪಿನ ಮಡಿಕೆಯೊಳಗೆ ಸೇರಿಕೊಂಡಿತ್ತು, ನನಗೆ ಕಾಣಲಿಲ್ಲ. ಮಾರನೇ ಬೆಳಗ್ಗೆ ನೋಡಿದರೆ ಬಾಗಿಲ ಸಂದಿಯಿಂದ ಒಂದು ಗೆರೆ. ಗೋಡೆ ಹತ್ತಿ, ಗೂಟದವರೆಗೆ ಹೋಗಿ, ಪಟ್ಟಿಯ ಮೇಲಿಂದ ಇಳಿದು ಚೀಲದೊಳಗೆ. ಕೆಂಪಿರುವೆ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲಾಶ್ ಸಿಕ್ಕಿಸುವ ಹಾಟ್ ಶೂ ಸಂದಿಯಲ್ಲೂ ಎರಡು ಓಡಾಡುತ್ತಿದ್ದವು. ಕ್ಯಾಮೆರಾ ಒರೆಸಿದೆ, ಅದಕ್ಕೇನೂ ಆಗಲಿಲ್ಲ. ಚೀಲ ಒಗೆಯೋಣ ಅಂದರೆ ಪ್ಯಾಡಿಂಗ್ ಒಳಗೇ ಹೊಲಿದಿದ್ದಾರೆ, ಚರ್ಮದ ಪಟ್ಟಿ ನೀರಿಗೆ ಹಾಕುವಂತಿಲ್ಲ. ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಸಾಕಾಯಿತು. ಆ ಕಲೆ ಇನ್ನೂ ಇದೆ. ಒಳಭಾಗ ಬಿಚ್ಚಿ ತೆಗೆಯಲು ಬರುವ ಚೀಲವನ್ನೇ ಕೊಳ್ಳಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಕ್ಲಿಪ್ಪು ತುಂಬಿದ ಕಪ್ಪು ಚೀಲದ ಕಥೆ ಚಿಕ್ಕದು. ಅದು ನಾನು ಮೊದಲು ಕೊಂಡದ್ದು, ದಪ್ಪ ಫೋಮು, ದೊಡ್ಡ ವೆಲ್‌ಕ್ರೋ. ಒಂದು ಸಂಜೆ ಸಂಗೀತ ಕಛೇರಿಗೆ ಒಯ್ದೆ. ಆಲಾಪನೆ ಕೆಳಸ್ಥಾಯಿಗೆ ಇಳಿದು ಸಭೆಯೆಲ್ಲ ಉಸಿರು ಹಿಡಿದಿದೆ. ನಾನು ಮೆಲ್ಲಗೆ ಚೀಲ ತೆರೆದೆ. ಪರ್‌ರ್‌ರ್! ಮುಂದಿನ ನಾಲ್ಕು ಸಾಲು ತಿರುಗಿ ನೋಡಿತು. ಮೃದಂಗದವರೂ ನೋಡಿದರು. ಕಛೇರಿ, ದೇವಸ್ಥಾನ, ಶಾಲೆ, ಹಕ್ಕಿ ನೋಡುವ ಜಾಗ, ಇಲ್ಲಿಗೆಲ್ಲ ಹೋಗುವವರು ವೆಲ್‌ಕ್ರೋ ಇರುವ ಚೀಲ ಕೊಳ್ಳಬೇಡಿ. ಈಗಾಗಲೇ ಕೊಂಡಿದ್ದರೆ ಒರಟು ಪಟ್ಟಿಯ ಮೇಲೆ ಒಂದು ತುಂಡು ಬಟ್ಟೆ ಹೊಲಿಸಿ ಬಾಯಿ ಮುಚ್ಚಿಸಿ. ಅಯಸ್ಕಾಂತದ ಗುಂಡಿ ಇರುವುದೂ ಬರುತ್ತದೆ, ಸದ್ದು ಕಡಿಮೆ. ಮೆಮೊರಿ ಕಾರ್ಡಿಗೆ ಅದರಿಂದ ಏನೂ ಆಗುವುದಿಲ್ಲ, ಹೆದರಬೇಡಿ.

ದಿನದ ಬ್ಯಾಗು, ಒಳಗೊಂದು ಗೂಡು

ಕೊನೆಗೆ ನಾನು ಬಂದು ನಿಂತದ್ದು ಇಲ್ಲಿ. ಆಫೀಸಿಗೆ ಒಯ್ಯುವ ಸಾಧಾರಣ ಬ್ಯಾಗು. ಅದರೊಳಗೆ ಕ್ಯಾಮೆರಾಗೆ ಮಾತ್ರ ಒಂದು ಮೆತ್ತನೆಯ ಗೂಡು. ಇದಕ್ಕೆ ಇನ್ಸರ್ಟ್ ಅನ್ನುತ್ತಾರೆ. ಟೆಂಬಾದವರು ಬಿವೈಒಬಿ ಅನ್ನುವ ಹೆಸರಲ್ಲಿ ರೆಡಿಮೇಡ್ ಮಾಡುತ್ತಾರೆ, ಬೇರೆಯವರೂ ಮಾಡುತ್ತಾರೆ. ಆದರೆ ರೆಡಿಮೇಡ್ ಇನ್ಸರ್ಟುಗಳು ಹೆಚ್ಚಾಗಿ ಒಂದು ಬಾಡಿ, ಎರಡು ಲೆನ್ಸು ಇರುವವರ ಅಳತೆಗೆ ಬರುತ್ತವೆ. ನಮ್ಮ ಒಂಟಿ ಕ್ಯಾಮೆರಾ ಅದರಲ್ಲಿ ಖಾಲಿ ಮದುವೆ ಛತ್ರದಲ್ಲಿ ಕೂತ ಹಾಗೆ ಕೂರುತ್ತದೆ. ಅಲುಗಾಡುತ್ತದೆ.

ನಾನು ಹೊಲಿಸಿದೆ. ಮೈಸೂರಿನಲ್ಲಿ ಬ್ಯಾಗು ರಿಪೇರಿಯವರು ಇನ್ನೂ ಇದ್ದಾರಲ್ಲ, ಅವರಲ್ಲೊಬ್ಬರ ಹತ್ತಿರ. ಕ್ಯಾಮೆರಾವನ್ನು ಮಲಗಿಸಿ ಇಡುವ ಬದಲು ನಿಲ್ಲಿಸಿ ಇಡುವ ಹಾಗೆ ಮಾಡಿಸಿದೆ. ಎಡಗಡೆ ಕೆಳಗೆ, ಬಲಗಡೆಯ ಹಿಡಿ ಮೇಲೆ. ಹೀಗೆ ಇಟ್ಟರೆ ಬ್ಯಾಗಿಗೆ ಕೈ ಹಾಕಿದಾಗ ನೇರ ಹಿಡಿಯೇ ಬೆರಳಿಗೆ ಸಿಗುತ್ತದೆ, ನೋಡಬೇಕಾಗಿಲ್ಲ. ಹುಡ್ಡು ಸೇರಿದ ನನ್ನ ಕ್ಯಾಮೆರಾಗೆ ಒಳಗಿನ ಅಗಲ 85 ಮಿ.ಮೀ., ಇನ್ನೊಂದು ಕಡೆ 90, ಆಳ 140 ಇಟ್ಟೆವು. ಗೋಡೆಗೆ ಒಂದು ಸೆಂಟಿಮೀಟರಿನ ಫೋಮು. ತಳಕ್ಕೆ ಎರಡು ಪದರ, ಯಾಕೆಂದರೆ ಬ್ಯಾಗು ನೆಲಕ್ಕೆ ಕುಕ್ಕುವುದು ಯಾವಾಗಲೂ ತಳದಿಂದಲೇ. ಕುಶನ್ನಿನ ಸ್ಪಂಜು ಬೇಡ, ಅದು ಬೆರಳಿಟ್ಟರೆ ತಳ ಕಾಣುತ್ತದೆ. ಯೋಗ ಚಾಪೆಯಲ್ಲಿ ಬರುವಂಥ ಬಿಗಿ ಫೋಮು ಸರಿ. ಹಳೆಯ ಯೋಗ ಚಾಪೆಯೇ ಆಗುತ್ತದೆ. ಒಳಬಟ್ಟೆ ತಿಳಿಬಣ್ಣದ್ದು ಹಾಕಿಸಿ. ಕಪ್ಪು ಗೂಡಿನಲ್ಲಿ ಕಪ್ಪು ಲೆನ್ಸ್ ಕ್ಯಾಪು ಬಿದ್ದರೆ ಟಾರ್ಚು ಬೇಕಾಗುತ್ತದೆ. ಹೊರಗೋಡೆಯಲ್ಲಿ ಬ್ಯಾಟರಿಗೆ ಒಂದು, ಒರೆಸುವ ಬಟ್ಟೆಗೆ ಒಂದು ಕಿಸೆ.

ಇದರಲ್ಲೂ ಕುಂದಿದೆ. ಗೂಡಿಗೆ ಮುಚ್ಚಳ ಇಲ್ಲ. ಬ್ಯಾಗಿನೊಳಗೆ ಹುಳಿಯ ಡಬ್ಬಿ ಸೋರಿದರೆ? ನಾನು ಊಟದ ಡಬ್ಬಿಯನ್ನು ಬ್ಯಾಗಿನ ಇನ್ನೊಂದು ಜಿಪ್ಪಿನ ಖಾನೆಯಲ್ಲಿ, ಮೇಲೊಂದು ಪ್ಲಾಸ್ಟಿಕ್ ಕವರು ಸುತ್ತಿ ಇಡುತ್ತೇನೆ. ಒಂದೇ ಖಾನೆಯ ಬ್ಯಾಗು ಇದ್ದವರು ಈ ದಾರಿ ಹಿಡಿಯಬೇಡಿ. ಬೆನ್ನಿನ ಬ್ಯಾಗಾದರೆ ನಿಂತಲ್ಲೇ ಕೈ ಹಾಕಲು ಬರುವುದಿಲ್ಲ, ಒಂದು ಪಟ್ಟಿ ಕಳಚಿ ಮುಂದೆ ತಂದುಕೊಳ್ಳಬೇಕು. ಸ್ಲಿಂಗಿನಷ್ಟು ಚುರುಕಲ್ಲ, ಒಪ್ಪುತ್ತೇನೆ. ಆದರೆ ಕಿಟಕಿ ಸೀಟಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಮೇಲಿನ ಜಿಪ್ಪು ತೆರೆದೇ ಬಿಟ್ಟುಕೊಂಡು ಕೂತರೆ ಇದಕ್ಕಿಂತ ಬೇಗ ಯಾವುದೂ ಇಲ್ಲ. ಈಗ ಕಾವೇರಿ ಸಿಗುತ್ತಿದ್ದಾಳೆ.

ಆಲೆಮನೆಗೆ ಹೋದರೂ ಚಿಂತೆಯಿಲ್ಲ. ಗೂಡು ತೆಗೆದು ಸೋಪಿನ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿದರೆ ಸಂಜೆಗೆ ರೆಡಿ.

ಬೈಕು, ಸ್ಕೂಟರು ಇದ್ದವರಿಗೆ

ಸ್ಕೂಟರಿನ ಡಿಕ್ಕಿಗೆ ಕ್ಯಾಮೆರಾ ಹಾಕಬೇಡಿ. ಪೆಟ್ರೋಲ್ ಸ್ಕೂಟರಿನಲ್ಲಿ ಅದರ ಕೆಳಗೇ ಎಂಜಿನ್ನು, ಬಿಸಿಲಲ್ಲಿ ನಿಲ್ಲಿಸಿದರೆ ಮೇಲಿಂದಲೂ ಕಾವು. ಲಿಥಿಯಂ ಬ್ಯಾಟರಿಗೆ ಅದು ಒಳ್ಳೆಯದಲ್ಲ. ಅಲುಗಾಟವೂ ಹೆಚ್ಚು. ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದ ಫೋನಿನ ಕ್ಯಾಮೆರಾ ಎಂಜಿನ್ನಿನ ಕಂಪನದಿಂದ ಕೆಡಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಕೈ ನಡುಗಿದರೂ ಫೋಟೋ ಮಸುಕಾಗದ ಹಾಗೆ ಸೆನ್ಸರನ್ನೇ ಅಲುಗಿಸುವ ವ್ಯವಸ್ಥೆ ಜಿಆರ್ 3ರಲ್ಲೂ ಇದೆ, ಎಕ್ಸ್100ವಿಐನಲ್ಲೂ ಇದೆ, ಹಾಗಾಗಿ ಆ ಎಚ್ಚರಿಕೆ ನಮಗೂ ಸಲ್ಲಬಹುದು. ಗಾಡಿಗೆ ಕಟ್ಟುವುದಕ್ಕಿಂತ ಮೈಮೇಲೆ ಹಾಕಿಕೊಳ್ಳುವುದು ವಾಸಿ, ನಮ್ಮ ಮೈ ಅರ್ಧ ಅಲುಗಾಟ ನುಂಗುತ್ತದೆ. 2023ರ ಆಗಸ್ಟ್‌ನಿಂದ ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು ಬಿಡುವುದಿಲ್ಲ, ನಮಗೆ ಸರ್ವಿಸ್ ರೋಡೇ ಗತಿ. ಅದರ ಹಂಪುಗಳನ್ನು ಹತ್ತಿಳಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಬೈಕಿನವರಿಗೆ ಸ್ಲಿಂಗ್ ಸರಿ, ಆದರೆ ಅದು ಓಡಿಸುವಾಗ ಬೆನ್ನಿಂದ ಪಕ್ಕಕ್ಕೆ ಜಾರುತ್ತದೆ. ಸೊಂಟಕ್ಕೆ ಕಟ್ಟುವ ಎರಡನೇ ಪಟ್ಟಿ ಇರುವುದನ್ನು ನೋಡಿ.

ಚೀಲವೇ ಇಲ್ಲದೆ, ಮಣಿಕಟ್ಟಿಗೆ ಪಟ್ಟಿ ಹಾಕಿಕೊಂಡು ಕೈಯಲ್ಲೇ ಹಿಡಿದು ನಡೆಯುವವರೂ ಇದ್ದಾರೆ. ಕುಕ್ಕರಹಳ್ಳಿ ಕೆರೆ ಸುತ್ತಲು ಅಷ್ಟು ಸಾಕು. ಆಮೇಲೆ ದೋಸೆ ತಿನ್ನಲು ಹೋದಾಗ ಅದನ್ನು ಎಲ್ಲಿಡುವುದು ಅನ್ನುವ ಪ್ರಶ್ನೆ ಬರುತ್ತದೆ. ಟೇಬಲ್ಲಿನ ಮೇಲೆ ಸಾಂಬಾರಿನ ಪಕ್ಕ.

ಮಳೆ ಮತ್ತು ಬೂಷ್ಟು

ಮೈಸೂರಿನಲ್ಲಿ ಮಳೆ ಜೋರಾಗಿ ಬೀಳುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಂದರೆ ಸರಿಯಾಗಿ ದಸರಾ ಹೊತ್ತಿಗೆ. ಚೀಲದ ಮೇಲೆ ವಾಟರ್ ರೆಸಿಸ್ಟೆಂಟ್ ಅಂತ ಬರೆದಿದ್ದರೆ ಅದು ಬಟ್ಟೆಯ ಮಾತು. ನೀರು ಒಳಗೆ ಬರುವುದು ಜಿಪ್ಪಿನಿಂದ, ಹೊಲಿಗೆಯ ತೂತಿನಿಂದ. ಜಿಆರ್ 3, ಆರ್‌ಎಕ್ಸ್100 ಇವಕ್ಕೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. ಕ್ಯೂ3ಗೆ ಧೂಳು, ನೀರು ತಡೆಯುವ ಐಪಿ52 ದರ್ಜೆಯ ಗುರುತಿದೆ, ಅದೂ ತೊಟ್ಟಿಕ್ಕುವ ಹನಿಗೆ, ಸುರಿಯುವ ಮಳೆಗಲ್ಲ. ಯಾವ ಚೀಲ ಇದ್ದರೂ ತಳದಲ್ಲಿ ಒಂದು ದಪ್ಪ ಪ್ಲಾಸ್ಟಿಕ್ ಕವರು ಮಡಿಸಿ ಇಟ್ಟಿರಿ. ನಾಟಿ ಸಮಯದಲ್ಲಿ ಮಂಡ್ಯದ ಗದ್ದೆಗಳಲ್ಲಿ ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾರಲ್ಲ, ಅದೇ ಬುದ್ಧಿ. ಸಾವಿರಾರು ರೂಪಾಯಿಯ ಜಿಪ್ಪು ಮಾಡದ ಕೆಲಸವನ್ನು ಅದು ಮಾಡುತ್ತದೆ.

ಚರ್ಮದ ಕೇಸು ನೋಡಲು ಚೆಂದ, ಆದರೆ ನನ್ನ ಸಹೋದ್ಯೋಗಿಯೊಬ್ಬರು ಮಳೆಗಾಲದಲ್ಲಿ ಎರಡು ತಿಂಗಳು ಬೀರುವಿನಲ್ಲಿಟ್ಟು ತೆಗೆದಾಗ ಅದರ ಮೇಲೆ ಬಿಳಿ ಬೂಷ್ಟು ಬೆಳೆದಿತ್ತು. ಕೇಸಿಗೆ ಬಂದದ್ದು ಲೆನ್ಸಿಗೂ ಬರುತ್ತದೆ. ಇದು ಎಲ್ಲ ಚೀಲಕ್ಕೂ ಸಲ್ಲುವ ಮಾತು: ಚೀಲ ಇರುವುದು ಓಡಾಡಲು, ಇಟ್ಟಿರಲು ಅಲ್ಲ. ಫೋಮು, ಬಟ್ಟೆ ಎರಡೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ಮನೆಗೆ ಬಂದ ಮೇಲೆ ಕ್ಯಾಮೆರಾ ಹೊರಗೆ ತೆಗೆಯಿರಿ. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವ ಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ಸಿಲಿಕಾ ಜೆಲ್ ಕೊಳ್ಳುವಾಗ ಕಿತ್ತಳೆ ಬಣ್ಣದ್ದು ಕೊಳ್ಳಿ, ತೇವ ಕುಡಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಯಾವ ಬಣ್ಣದ್ದಾದರೂ ಒಣಗಿಸಲು ದೋಸೆ ಕಾವಲಿ ಮೇಲೆ ಹಾಕಿ ಅಮ್ಮನ ಕೈಗೆ ಸಿಕ್ಕಿಬೀಳಬೇಡಿ.

ಹಾಗಾದರೆ ಯಾರಿಗೆ ಯಾವುದು? ಜಿಆರ್ ಇದ್ದು ಕೈ ಬೀಸಿಕೊಂಡು ತಿರುಗುವವರಿಗೆ ಪೌಚು ಸಾಕು, ದುಡ್ಡು ಉಳಿಸಿ. ಹಬ್ಬ, ಜಾತ್ರೆ, ಮೇಲುಕೋಟೆಯ ವೈರಮುಡಿ ಅಂತ ಜನಸಂದಣಿಗೇ ಹುಡುಕಿಕೊಂಡು ಹೋಗುವವರಿಗೆ ಸ್ಲಿಂಗ್, ಎರಡು ಮಾತಿಲ್ಲ. ಕ್ಯೂ3 ಕೊಂಡವರಿಗೆ ಕ್ಯಾನ್ವಾಸ್ ಚೀಲ ಕೊಳ್ಳಬೇಡಿ ಅಂತ ನಾನು ಹೇಳಿದರೆ ಕೇಳುತ್ತೀರಾ? ಕೊಳ್ಳಿ, ಒಳಭಾಗ ಬಿಚ್ಚಲು ಬರಲಿ ಅಷ್ಟೇ. ದಿನಾ ಕೆಲಸಕ್ಕೆ ಹೋಗಿ ಬರುವ ನಮ್ಮಂಥವರಿಗೆ ಇರುವ ಬ್ಯಾಗೇ ಸಾಕು, ಒಳಗೊಂದು ಗೂಡು ಹೊಲಿಸಿ.

ಹೊಲಿಸಲು ಹೋದಾಗ ಆ ರಿಪೇರಿಯವರು ಅಳತೆ ಬರೆದುಕೊಂಡು, ನಾನು ಕೊಟ್ಟ ರಟ್ಟಿನ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಮಗೂ ಟಿಫನ್ ಬಾಕ್ಸಿಗಾ ಸಾರ್?” ಅಂದರು. ಹೌದು ಅಂದೆ. ಹಾಗಾದರೆ ಎಣ್ಣೆ ಅಂಟದ ಬಟ್ಟೆ ಹಾಕ್ತೀನಿ ಅಂತ ಒಳಗೆ ಹೋಗಿ ಒಂದು ತಿಳಿಹಳದಿ ತುಂಡು ಹುಡುಕಿ ತಂದರು.